ಟ್ಯಾಂಕಿನ ಹಿಂಬದಿಯ ಜಾಯಿಂಟು

ಹೊಸ ಅಕ್ರಿಲಿಕ್ ಅಕ್ವೇರಿಯಂ ಕೊಳ್ಳಲು ಬಂದವರು ಮುಂಭಾಗದ ಶೀಟನ್ನೇ ನೋಡುತ್ತಾರೆ. ಅದು ಹೊಳೆಯುತ್ತಿದ್ದರೆ ಮುಗಿಯಿತು, ತಲೆಯಾಡಿಸುತ್ತಾರೆ. ಹೊಳಪು ಕಾರ್ಖಾನೆಯವರದು, ಮೇಲಿನ ಕಾಗದ ಸುಲಿದರೆ ಯಾರ ಶೀಟೂ ಹೊಳೆಯುತ್ತದೆ. ಟ್ಯಾಂಕು ಮಾಡಿದವನ ಕೆಲಸ ಇರುವುದು ಎರಡು ಶೀಟು ಕೂಡುವ ಗೆರೆಯಲ್ಲಿ. ಅದಕ್ಕೆ ನಾವು ಜಾಯಿಂಟು ಅನ್ನುತ್ತೇವೆ. ಚಳ್ಳಕೆರೆಯಲ್ಲಿ ಅಂಗಡಿ ನಡೆಸಿದ ಅಷ್ಟೂ ವರ್ಷ ನಾನು ಮಾರಿದ್ದು ಅದೊಂದನ್ನೇ.

ಈಗ ಅಂಗಡಿ ಬಿಟ್ಟಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಮನೆಗೆ ಬಂದು ಅದು ಹೇಗೆ, ಇದು ಹೇಗೆ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಕಾಫಿ ಕೊಟ್ಟು ಹೇಳುವುದಕ್ಕಿಂತ ಒಂದು ಸಲ ಬರೆದಿಡುವುದು ವಾಸಿ. ಅಂಗಡಿ ಹೇಗೆ ಬೆಳೆಯಿತು, ಯಾರು ಶಾಲು ಹೊದಿಸಿದರು ಎಂಬುದರಿಂದ ನಿಮಗೆ ಲಾಭವಿಲ್ಲ. ನಾನು ಕೆಡಿಸಿದ್ದು ಏನೇನು ಎಂದು ತಿಳಿದರೆ ಲಾಭವಿದೆ.

ನಾನು ತಳಕಿನ ಕಡೆಯವನು. ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿ ಚಳ್ಳಕೆರೆಯ ಬಾಷಾ ಸಾಬರ ಗಾಜಿನಂಗಡಿಗೆ ಸೇರಿದೆ. ಅವರು ಗಾಜು ಕೊಯ್ಯುವಾಗ ಮಾತಾಡುತ್ತಿರಲಿಲ್ಲ. ಕೊಯ್ದ ಮೇಲೆ ಮಾತು ನಿಲ್ಲಿಸುತ್ತಿರಲಿಲ್ಲ. "ಲೇ ತಿಪ್ಪೇಶಿ, ಗಾಜಿನ ಮುಂದೆ ಕೆಮ್ಮಬ್ಯಾಡ್ವೋ, ಆ ಕಡೀಕೆ ತಿರುಗಿ ಕೆಮ್ಮು" ಅನ್ನುವರು. ತೊಂಬತ್ತರ ದಶಕದ ಶುರುವಿನಲ್ಲಿ ಊರಿನ ಹೋಟೆಲು, ಕ್ಲಿನಿಕ್ಕುಗಳಿಗೆ ಮೀನಿನ ಟ್ಯಾಂಕು ಇಡುವ ಹುಚ್ಚು ಬಂತು. ನಾವು ಗಾಜಿನವನ್ನು ಮಾಡಿಕೊಟ್ಟೆವು. ಗಾಜಿನ ಟ್ಯಾಂಕಿಗೆ ಸಿಲಿಕಾನ್ ಅಂಟೇ ಪ್ರಾಣ. ಎಲ್ಲಾದರೂ ಜಿನುಗಿದರೆ ಬಾಷಾ ಸಾಬರದು ಒಂದೇ ಮಂತ್ರ: "ಸಿಲಿಕಾನ್ ಐತಲ್ಲ, ಯಾಕೆ ಫಿಕರ್? ಹಾಕು, ಬೆರಳಾಗೆ ಎಳಿ, ಬಸ್." ಗಾಜಿನ ಮಟ್ಟಿಗೆ ಅದು ಸರಿಯಾದ ಮಾತು. ಆ ಮಾತು ನನ್ನ ಕೈಗೆ ಎಷ್ಟು ಅಂಟಿಕೊಂಡಿತೆಂದರೆ, ಮುಂದೆ ಅದೇ ನನ್ನನ್ನು ಕೆಡವಿತು.

ಅಕ್ರಿಲಿಕ್, ಅಂದರೆ ಗಾಜಿನಂತೆ ಕಾಣುವ ಪ್ಲಾಸ್ಟಿಕ್ಕು, ನಮ್ಮ ಅಂಗಡಿಗೆ ಬಂದದ್ದು ಬೋರ್ಡಿನ ಅಕ್ಷರಗಳಿಗಾಗಿ. ಎಣ್ಣೆ ಮಿಲ್ಲಿನವರೆಲ್ಲ ತಗಡಿನ ಬೋರ್ಡು ಇಳಿಸಿ ಎದ್ದು ಕಾಣುವ ಅಕ್ಷರ ಬೇಕೆಂದರು. ಉಳಿದ ತುಂಡುಗಳನ್ನು ಕೂಡಿಸಿ ಕೂಡಿಸಿ ಜಾಯಿಂಟು ಕಲಿತೆ. ಅಲ್ಲಿ ಗಾಜಿನ ಲೆಕ್ಕ ನಡೆಯುವುದಿಲ್ಲ. ಎರಡು ಅಂಚುಗಳನ್ನು ನುಣ್ಣಗೆ, ನೇರಕ್ಕೆ ತಂದು, ನಡುವೆ ಗುಂಡುಸೂಜಿಗಳನ್ನು ಸಾಲಾಗಿ ಇಟ್ಟು, ಕೂದಲೆಳೆಯಷ್ಟು ಸಂದು ಬಿಡಬೇಕು. ಆ ಸಂದಿಗೆ ಸಿರಿಂಜಿನಿಂದ ದ್ರಾವಣ ಬಿಟ್ಟರೆ ತಾನೇ ಒಳಗೆ ಓಡುತ್ತದೆ. ಅರೆಗಳಿಗೆ ಕಾದು ಸೂಜಿ ಎಳೆದರೆ ಮೇಲಿನ ಶೀಟು ತನ್ನ ಭಾರಕ್ಕೆ ತಾನೇ ಕೂರುತ್ತದೆ. ದ್ರಾವಣ ಅಂಟಲ್ಲ, ಶೀಟಿನ ಅಂಚನ್ನೇ ಕರಗಿಸಿ ಎರಡನ್ನೂ ಒಂದು ಮಾಡಿ ತಾನು ಹಾರಿಹೋಗುತ್ತದೆ. ಕಿಟಕಿ ತೆರೆದು ಕೆಲಸ ಮಾಡಿ. ಅದರ ವಾಸನೆಗೆ ತಲೆ ತಿರುಗುತ್ತದೆ.

ಮೊದಲ ಅಕ್ರಿಲಿಕ್ ಟ್ಯಾಂಕು ಚಳ್ಳಕೆರೆಯ ಒಬ್ಬ ಮಕ್ಕಳ ಡಾಕ್ಟರಿಗೆ. ಅಕ್ಷರಗಳ ಅಂಚಿಗೆ ಬೆಂಕಿ ತೋರಿಸಿ ಹೊಳಪು ಬರಿಸುವುದು ನನಗೆ ರೂಢಿಯಾಗಿತ್ತು. ಟ್ಯಾಂಕಿಗೂ ಹಾಗೇ ಎಲ್ಲ ಅಂಚನ್ನೂ ಮೊದಲು ಬೆಂಕಿಯಲ್ಲಿ ಹೊಳೆಯಿಸಿ ಆಮೇಲೆ ಕೂಡಿಸಿದೆ. ನೋಡಲು ಲಕ್ಷಣವಾಗಿತ್ತು. ಎರಡು ತಿಂಗಳಿಗೆ ಡಾಕ್ಟರು ಹೇಳಿಕಳಿಸಿದರು.

"ಏನಯ್ಯ ತಿಪ್ಪೇಸ್ವಾಮಿ, ನಿನ್ನ ಟ್ಯಾಂಕಿಗೆ ಇಷ್ಟು ಬೇಗ ಮುಪ್ಪು ಬಂತಲ್ಲ?"

ಜಾಯಿಂಟಿನುದ್ದಕ್ಕೂ ಕಣ್ಣಂಚಿನ ಸುಕ್ಕಿನಂಥ ಸಣ್ಣ ಬಿರುಕುಗಳು. ನಾನು ವ್ಯಾಪಾರಿ, ತಟ್ಟನೆ ಉತ್ತರ ಹುಡುಕಿದೆ. "ಸಾರ್, ನಿಮ್ಮ ಆಳು ಇಂಜೆಕ್ಷನ್ ಸ್ಪಿರಿಟ್ ಹಾಕಿ ಒರೆಸೌನೆ. ಅಕ್ರಿಲಿಕ್‌ಗೆ ಸ್ಪಿರಿಟ್ ಆಗಲ್ಲ."

"ಒರೆಸಿರೋದು ಹೊರಗೆ. ಬಿರುಕು ಒಳಗಿನಿಂದ ಬಂದೈತೆ. ಬಗ್ಗು ಇಲ್ಲಿ." ಮಕ್ಕಳ ಗಂಟಲು ನೋಡುವ ಸಣ್ಣ ಟಾರ್ಚನ್ನು ಜಾಯಿಂಟಿನ ಒಂದು ತುದಿಗೆ ಒತ್ತಿ ಹಿಡಿದರು. ಬೆಳಕು ಗೆರೆಯುದ್ದಕ್ಕೂ ಓಡಿ ಪ್ರತಿಯೊಂದು ಬಿರುಕನ್ನೂ ಬೆಳಗಿಸಿತು. "ಆ ಅಂಚಿಗೆ ಏನು ಮಾಡಿದ್ಯೋ ನೆನಪು ಮಾಡ್ಕೊ."

ಸ್ಪಿರಿಟ್ಟಿನಿಂದ ಅಕ್ರಿಲಿಕ್ ಕೆಡುವುದು ನಿಜ. ಆದರೆ ಅಂದು ಕೆಡಿಸಿದ್ದು ನನ್ನ ಬೆಂಕಿ. ಬೆಂಕಿ ಕಂಡ ಅಂಚು ಒಳಗೇ ಬಿಗಿದುಕೊಂಡಿರುತ್ತದೆ. ದ್ರಾವಣ ತಾಗಿದರೆ ಸೀಳುತ್ತದೆ. ಬೇರೆ ಟ್ಯಾಂಕು ಮಾಡಿಕೊಟ್ಟೆ. ಬರುವಾಗ ಆ ಟಾರ್ಚನ್ನು ಡಾಕ್ಟರ ಹತ್ತಿರ ಕೇಳಿ ಇಸಿದುಕೊಂಡೆ. ಸೋತಲ್ಲೂ ಬರಿಗೈಲಿ ಬರುವವನಲ್ಲ ನಾನು.

ಟಾರ್ಚಿನಲ್ಲಿ ಏನು ನೋಡಬೇಕೆಂದು ಹೇಳುತ್ತೇನೆ. ಒಳ್ಳೆಯ ಜಾಯಿಂಟು ಕಾಣುವುದೇ ಇಲ್ಲ. ಈ ಶೀಟಿನಿಂದ ಆ ಶೀಟಿಗೆ ಬೆಳಕು ತಡೆಯಿಲ್ಲದೆ ಹೋಗುತ್ತದೆ. ಅಲ್ಲೊಂದು ಇಲ್ಲೊಂದು ಸಾಸಿವೆಗಿಂತ ಸಣ್ಣ ಗುಳ್ಳೆ ಇದ್ದರೆ ಹೆದರಬೇಡಿ. ಗುಳ್ಳೆಯೇ ಇಲ್ಲದ ಕೈಕೆಲಸ ಮಾಡುತ್ತೇನೆಂದು ಹೇಳುವವನನ್ನು ನಂಬಬೇಡಿ. ಗುಳ್ಳೆಗಳು ಒಂದಕ್ಕೊಂದು ತಾಗಿ ಒಳಗಿನಿಂದ ಹೊರಗಿನವರೆಗೆ ಸಾಲು ಕಟ್ಟಿದ್ದರೆ ಬೇಡ. ಎಲ್ಲಕ್ಕಿಂತ ಕೆಟ್ಟದ್ದು ಬಿಳಿ ಮಚ್ಚೆ. ಅಲ್ಲಿ ದ್ರಾವಣ ಹೋಗಿಲ್ಲ, ಅಥವಾ ಹೋಗುವ ಮೊದಲೇ ಒಣಗಿದೆ. ಶೀಟುಗಳು ತಾಗಿ ಕೂತಿವೆ ಅಷ್ಟೇ, ಕೂಡಿಲ್ಲ. ನಮ್ಮ ಸೀಮೆಯ ಒಣಬಿಸಿಲಲ್ಲಿ ಇದು ಬಲು ಸುಲಭ. ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಜಾಯಿಂಟಿಗೆ ಕೈ ಹಾಕಬಾರದು. ಮಳೆ ಹಿಡಿದ ದಿನವೂ ಬೇಡ, ತೇವಕ್ಕೆ ಗೆರೆ ಹಾಲಿನ ಹಾಗೆ ಮಂಕಾಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ತಪ್ಪು ಮಾಡಿದ ಕಥೆ ಮೊಳಕಾಲ್ಮೂರಿನದು.

ಅಷ್ಟರಲ್ಲಿ ಅಂಗಡಿ ನನ್ನ ಕೈಗೆ ಬಂದಿತ್ತು. ಬಾಷಾ ಸಾಬರು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ನನ್ನನ್ನು ಬೈಯುವ ಕೆಲಸವನ್ನು ಮಾತ್ರ ಉಳಿಸಿಕೊಂಡಿದ್ದರು. ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿ ಮಾರ್ಕಂಡಪ್ಪನವರು ಬಂದರು. ನೇಕಾರರ ಮನೆಯವರು, ಮಗ್ಗ ಬಿಟ್ಟು ದೊಡ್ಡ ಅಂಗಡಿ ತೆರೆಯುತ್ತಿದ್ದರು. ಅವರ ಯೋಜನೆ ನನಗೆ ತುಂಬ ಹಿಡಿಸಿತು.

"ಹೆಣ್ಮಕ್ಳು ಸೀರೆ ಆರಿಸಾಕೆ ಕುಂತ್ರೆ ಹುಡುಗ್ರು ಅಳಾಕ್ ಶುರು ಮಾಡ್ತಾವೆ, ಎದ್ದು ಹೋಗ್ಬಿಡ್ತಾರೆ ಕಣ್ರೀ. ಆರಡಿ ಟ್ಯಾಂಕು ಮಾಡ್ರಿ. ಹುಡುಗ್ರು ಮೀನು ನೋಡ್ಲಿ, ಅವ್ವಂದಿರು ಸೀರೆ ನೋಡ್ಲಿ."

ಟ್ಯಾಂಕು ಅಂಗಡಿಗೂ ಅವರು ಕೂರುವ ಕೋಣೆಗೂ ನಡುವೆ ಅಡ್ಡಗೋಡೆಯ ಹಾಗೆ ನಿಲ್ಲಬೇಕು. ಕೆಳಗಿನ ಮರದ ಕಪಾಟಿನಲ್ಲಿ ಗಾಜಿನ ಬಾಗಿಲಿಟ್ಟು ಒಳ್ಳೊಳ್ಳೆಯ ಸೀರೆಗಳನ್ನು ತೋರಿಸಬೇಕು. ಅಷ್ಟುದ್ದದ ಗಾಜಿನ ಟ್ಯಾಂಕು ಟೆಂಪೋದಲ್ಲಿ ಅಲ್ಲಿಯವರೆಗೆ ಹೋಗುವುದು ಕಷ್ಟ. ಅಕ್ರಿಲಿಕ್ಕೇ ಸರಿ ಎಂದು ನಾನೇ ಒಪ್ಪಿಸಿದೆ. ಅಂಗಡಿ ಪ್ರಾರಂಭಕ್ಕೆ ಮುಹೂರ್ತ ಇಟ್ಟಾಗಿತ್ತು.

ಶೀಟು ಬರುವುದು ತಡವಾಯಿತು. ಬಂದ ದಿನ ಮಧ್ಯಾಹ್ನವೇ ಕೆಲಸಕ್ಕೆ ಕೂತೆ. ಏಪ್ರಿಲ್ ಬಿಸಿಲು, ಮೇಲೆ ತಗಡಿನ ಮಾಡು. ಮೂರು ಜಾಯಿಂಟು ಹೇಗೋ ಕೂತವು. ಹಿಂಬದಿಯ ಶೀಟು ತಳಕ್ಕೆ ಕೂಡುವ ಕಡೆ ಸಿರಿಂಜಿನಿಂದ ಬಿಟ್ಟ ದ್ರಾವಣ ಒಂದು ಗೇಣಿನಷ್ಟು ಜಾಗದಲ್ಲಿ ಓಡಲೇ ಇಲ್ಲ. ಟಾರ್ಚು ಹಿಡಿದರೆ ಅಷ್ಟುದ್ದವೂ ಬೆಳ್ಳಗೆ. ಸರಿಯಾದ ದಾರಿ ಎಂದರೆ ಆ ಅಂಚು ಕೊಯ್ದು, ಮತ್ತೆ ನುಣುಪು ಮಾಡಿ, ಮರುದಿನ ಬೆಳಿಗ್ಗೆ ಹೊಸದಾಗಿ ಕೂಡಿಸುವುದು. ಎರಡು ಮೂರು ದಿನದ ಕೆಲಸ.

"ಸಿಲಿಕಾನ್ ಐತಲ್ಲ ಮಿಯಾ," ಎಂದರು ಬಾಷಾ ಸಾಬರು ಕುರ್ಚಿಯಿಂದಲೇ. "ಹಿಂದ್ಗಡೆ ತಾನೆ? ಯಾರು ಬಗ್ಗಿ ನೋಡ್ತಾರೆ?"

ಗಾಜಿನಲ್ಲಿ ಬೆಳೆದ ಕೈ, ಹಾಕಿಯೇ ಬಿಟ್ಟಿತು. ಒಳಗೆ ಎಳೆದೆ, ಹೊರಗೂ ಎಳೆದೆ, ಮೇಲೆ ನೀಲಿ ಕಾಗದ ಅಂಟಿಸಿದೆ. ಅಕ್ರಿಲಿಕ್ಕಿಗೆ ಸಿಲಿಕಾನ್ ಹಿಡಿಯುವುದಿಲ್ಲ, ಕೆಲವು ದಿನಕ್ಕೆ ಸಿಪ್ಪೆಯ ಹಾಗೆ ಏಳುತ್ತದೆ ಎಂದು ನನಗೆ ಗೊತ್ತಿತ್ತು. ಅಂಗಡಿಯಲ್ಲಿ ಒಂದು ದಿನ ನೀರು ತುಂಬಿ ನೋಡಿದೆ, ಹನಿ ಬೀಳಲಿಲ್ಲ. ಬೀಳಲಿಲ್ಲವಲ್ಲ ಎಂದು ಟೆಂಪೋಗೆ ಏರಿಸಿದೆ.

ಮೊಳಕಾಲ್ಮೂರಿನಲ್ಲಿ ಟ್ಯಾಂಕು ಇಳಿಸಿ, ತಳಕ್ಕೆ ಥರ್ಮಾಕೋಲ್ ಹಾಸಿ, ಕಪಾಟಿನ ಮೇಲೆ ಕೂರಿಸಿ, ನೀರು ತುಂಬಿದೆವು. ಮಾರ್ಕಂಡಪ್ಪನವರ ತಾಯಿ ನರಸಮ್ಮ ಕೋಲೂರಿಕೊಂಡು ಬಂದರು. ಐವತ್ತು ವರ್ಷ ಮಗ್ಗದಲ್ಲಿ ಕೂತವರು, ಈಗ ಕಣ್ಣು ಮಂಜು. ಮನೆಮಾತು ತೆಲುಗು, ನನ್ನ ಮುಂದೆ ಎಲ್ಲ ಮಾತೂ ಕನ್ನಡದಲ್ಲಿ.

ಮಗ ಹೇಳಿದರು, "ಅವ್ವಾ, ನಿನ್ನ ಸೀರೆ ಕೊಡು. ನಡುಮಧ್ಯಕ್ಕೆ ಇಡಾಣ, ಎಲ್ಲರೂ ನೋಡ್ಲಿ."

ಅದು ಅವರು ಕಡೆಯದಾಗಿ ನೇಯ್ದ ಸೀರೆ. ಕಣ್ಣು ಕೈಕೊಟ್ಟ ಮೇಲೆ ಮಗ್ಗಕ್ಕೆ ಕೂತಿರಲಿಲ್ಲ. ಇನ್ನೊಂದು ಆಗುವಂತಿರಲಿಲ್ಲ.

"ತಲೆ ಮ್ಯಾಲೆ ಅಷ್ಟು ನೀರಿಟ್ಕೊಂಡು ಕೆಳಗೆ ನನ್ನ ಸೀರೆ ಇಡ್ತೀಯಾ? ತಾಳು." ನನ್ನ ಕಡೆ ತಿರುಗಿದರು. "ಏಮಯ್ಯಾ, ಇದರ ಹಿಂಬದಿ ಎಲ್ಲಿ?"

"ಹಿಂಬದಿ ಯಾಕಮ್ಮಾ, ಮುಂದೆ ನೋಡ್ರಿ, ಹೆಂಗೆ ಹೊಳೀತೈತೆ."

"ಸೀರೆ ತಗಳೋರು ಮೊದಲು ತಿರುವಿ ಹಾಕ್ತಾರೆ. ನೀರಿಗೆ ಹಿಂದೆ ಮುಂದೆ ಅಂತ ಮರ್ಯಾದೆ ಐತೇನು?"

ಒಳಕೋಣೆಗೆ ಹೋಗಿ ಕೂತು, ಟ್ಯಾಂಕಿನ ಬುಡದ ಗೆರೆಗೆ ಹೆಬ್ಬೆರಳಿನ ಉಗುರು ಇಟ್ಟು ಮೆಲ್ಲಗೆ ಎಳೆಯುತ್ತ ಹೋದರು. ಸೀರೆಯ ಒಡಲೂ ಅಂಚೂ ಕೂಡುವ ಕಡೆ ಎಳೆ ಹಿಡಿದಿದೆಯೋ ಬಿಟ್ಟಿದೆಯೋ ಎಂದು ಅವರು ನೋಡುತ್ತಿದ್ದುದೂ ಹಾಗೆಯೇ ಎಂದು ಮಗ ಹೇಳಿದರು. ಉಗುರು ಆ ಗೇಣಿನ ಹತ್ತಿರ ನಿಂತಿತು.

"ಇಲ್ಲಿ ಗಟ್ಟಿ. ಇಲ್ಲಿ ಮೆತ್ತಗೈತೆ. ಯಾಕೆ?"

"ಅದು ಹೆಚ್ಚಿನ ಭದ್ರತೆಗೆ ಹಾಕಿದ್ದಮ್ಮಾ."

"ಒಂದೇ ಕಡೆಗಾ ಭದ್ರತೆ?"

ನಾನು ನಕ್ಕೆ. ಅವರು ನಗಲಿಲ್ಲ. "ಹತ್ತು ದಿನ ನೀರು ನಿಲ್ಲಲಿ. ಆಮೇಲೆ ಸೀರೆ ಇಡ್ತೀನಿ."

ಪ್ರಾರಂಭಕ್ಕೆ ಉಳಿದದ್ದು ನಾಲ್ಕು ದಿನ. ನನಗೆ ಚೌಕಾಸಿ ರಕ್ತದಲ್ಲೇ ಇದೆ. ಒಂದು ದಿನ ಸಾಕೆಂದೆ. ಅವರು ಎಂಟಕ್ಕೆ ಬಂದರು. ನಾನು ಎರಡಕ್ಕೆ ಹೋದೆ. ಮುಹೂರ್ತದ ನೆಪ ಹೇಳಿ ಮೂರಕ್ಕೆ ನಿಲ್ಲಿಸಿದೆ. ಗೆದ್ದೆನೆಂದು ಮಾರ್ಕಂಡಪ್ಪನವರ ಮುಖ ನೋಡಿದೆ. ಅವರೂ ಗೆದ್ದವರ ಹಾಗೆ ನಕ್ಕರು.

ನೀರು ತುಂಬಿದ ದಿನವೇ ಪೂಜೆ ಮಾಡಿದರು. ಟ್ಯಾಂಕಿಗೂ ಅರಿಸಿನ ಕುಂಕುಮ ಇಟ್ಟರು. ಎಲ್ಲರದೂ ಆದ ಮೇಲೆ ನರಸಮ್ಮ ಕುಂಕುಮದ ಬಟ್ಟಲು ತೆಗೆದುಕೊಂಡು ಒಳಕೋಣೆಗೆ ಹೋದರು. ಹಿಂಬದಿಯ ಬುಡಕ್ಕೆ ತಾಗುವ ಹಾಗೆ, ಮರದ ಮೇಲೆ, ಈ ತುದಿಯಿಂದ ಆ ತುದಿಯವರೆಗೆ ಒಣಕುಂಕುಮವನ್ನು ರಂಗೋಲಿ ಎಳೆಯಂತೆ ಬಿಟ್ಟರು. ಇದೂ ಪೂಜೆಯ ಭಾಗ ಎಂದುಕೊಂಡು ನಾನು ಕೈಮುಗಿದು ಬಂದೆ.

ಮೂರನೇ ದಿನ ಬೆಳಿಗ್ಗೆ ಪಕ್ಕದಂಗಡಿಯ ಫೋನಿಗೆ ಮಾರ್ಕಂಡಪ್ಪನವರು ಕರೆ ಮಾಡಿದರು. "ಅವ್ವ ನಿಮ್ಮನ್ನ ಕರೀತಾ ಐತೆ. ಯಾಕಂತ ಕೇಳಿದ್ರೆ ಹೇಳವಲ್ದು. ಆ ಕೋಣೆಗೆ ನನ್ನೂ ಬಿಡ್ತಿಲ್ಲ. ಬೇಗ ಬರ್ರಿ."

ಬಸ್ಸಿನಲ್ಲಿ ತಳಕು ದಾಟುವ ಹೊತ್ತಿಗೆ ನನ್ನ ಹತ್ತಿರ ಮೂರು ನೆಪಗಳು ತಯಾರಿದ್ದವು. ಊರು ಮುಟ್ಟುವಷ್ಟರಲ್ಲಿ ಅವುಗಳಲ್ಲಿ ಒಳ್ಳೆಯದನ್ನು ಆರಿಸಿಟ್ಟುಕೊಂಡಿದ್ದೆ.

ನರಸಮ್ಮ ಟ್ಯಾಂಕಿನ ಹಿಂದೆ ಒಬ್ಬರೇ ಕೂತಿದ್ದರು. ಕುಂಕುಮದ ಗೆರೆ ಉದ್ದಕ್ಕೂ ಒಣಗಿತ್ತು, ಒಂದು ಗೇಣು ಬಿಟ್ಟು. ಅಲ್ಲಿ ಕುಂಕುಮ ಕೆಸರಾಗಿ ಕಪ್ಪಿಟ್ಟಿತ್ತು. ಅಲ್ಲಿಂದ ಒಂದು ಕೆಂಪು ಎಳೆ ಮರದ ಮೇಲೆ ಇಳಿದು ಕಪಾಟಿನ ಒಳಕ್ಕೆ ಹೋಗಿತ್ತು. ಅವರ ಸೀರೆಗೆಂದು ಬಿಟ್ಟಿದ್ದ ಆ ಜಾಗ ಇನ್ನೂ ಖಾಲಿ ಇತ್ತು.

"ಬೆವರಿರಬೇಕಮ್ಮಾ. ನೀರು ತಣ್ಣಗಿದ್ರೆ ಹೊರಗೆ ಬೆವರ್ತೈತೆ." ಇದು ನಾನು ಆರಿಸಿದ ನೆಪ.

"ಈ ಬಿಸಿಲಾಗೆ? ಆರಡಿಯಾಗೆ ಒಂದೇ ಗೇಣು ಬೆವರ್ತಾ? ಅದೂ ಆ ಮೆತ್ತಗಿರೋ ಗೇಣು?"

ನಾನು ಬಗ್ಗಿ ಆ ಕೆಸರನ್ನು ಬೆರಳಲ್ಲಿ ಮುಟ್ಟಿ ನೋಡಿದೆ.

"ಮಗನಿಗೆ ಹೇಳಿಲ್ಲ. ನೀನು ಹೇಳ್ತೀಯೋ, ನಾನು ಹೇಳ್ಲೋ?"

ನಾನೇ ಹೇಳಿದೆ. ಬಿಸಿಲು, ಬಿಳಿ ಮಚ್ಚೆ, ಸಿಲಿಕಾನ್, ನೀಲಿ ಕಾಗದ, ಎಲ್ಲ. ಮಾರ್ಕಂಡಪ್ಪನವರು ಕಿರುಚಾಡುತ್ತಾರೆ ಎಂದುಕೊಂಡಿದ್ದೆ. ಅವರು ಮೆಲ್ಲಗೆ ಬೇರೆಯೇ ಮಾತಾಡಿದರು.

"ನಾಳೆ ಒಂದು ದಿನ ತಡೀತೈತಾ?"

"ಏನು?"

"ಇನ್ನೊಂದ್ ಸಲ ಅದನ್ನೇ ಬಳೀರಿ. ನಾಳೆ ಸಾವಿರ ಜನ ಬರ್ತಾರೆ, ಮೀನಿನ ಅಂಗಡಿ ಅಂತ ಊರೆಲ್ಲ ಹೇಳ್ಕೊಂಡ್ ಬಂದೀನಿ. ನಾಳೆ ಕಳೀಲಿ, ಆಮೇಲೆ ನೋಡಾಣ. ಹೋದ್ರೆ ನಂದು ಹೋಗ್ತೈತೆ. ನಿಮ್ಮನ್ನ ಕೇಳಲ್ಲ."

ಹೊಸಬರು ಇಲ್ಲಿ ಗಮನ ಕೊಡಿ. ತಪ್ಪು ನನ್ನದು, ಅದನ್ನು ಹೊರಲು ಗಿರಾಕಿಯೇ ಹೆಗಲು ಕೊಡುತ್ತಿದ್ದಾರೆ. ಇಂಥ ಚೌಕಾಸಿ ನನಗೆ ಜೀವನದಲ್ಲಿ ಮತ್ತೆ ಸಿಗಲಿಲ್ಲ. ಬಾಯಿ ಹೂಂ ಅನ್ನುವುದರಲ್ಲಿತ್ತು. ಕಣ್ಣು ಕಪಾಟಿನ ಕಡೆ ಹೋಯಿತು. ಒಳಗೆ ಮೂವತ್ತು ನಲವತ್ತು ಸೀರೆ, ಬೇರೆ ಬೇರೆ ನೇಕಾರರ ಮನೆಯವು. ಮೇಲೆ ಹೆಚ್ಚುಕಡಿಮೆ ನಾನೂರು ಲೀಟರ್ ನೀರು, ಸಿಪ್ಪೆ ಏಳುತ್ತಿರುವ ಅಂಟು. ನಾಳೆ ಟ್ಯಾಂಕಿನ ಮುಂದೆ ನಿಲ್ಲುವುದು ಮಕ್ಕಳು.

"ಆಗಲ್ಲ ಮಾರ್ಕಂಡಪ್ಪನವರೇ. ಬೈರಿ, ಹೊಡೀರಿ. ಪೈಪು ಕೊಡ್ರಿ, ಖಾಲಿ ಮಾಡ್ತೀನಿ."

ಆಗ ಕಿರುಚಾಡಿದರು. ನಾನು ಪೈಪಿಗೆ ಬಾಯಿಟ್ಟು ನೀರೆಳೆದೆ. ಮಧ್ಯಾಹ್ನದವರೆಗೆ ನೀರು ಚರಂಡಿಗೆ ಹರಿಯಿತು. ಬೀದಿಯವರು ಬಂದು ಬಂದು ನೋಡಿದರು. "ಏನ್ರೀ, ಮೀನು ಬರೋ ಮೊದಲೇ ನೀರು ಹೋಯ್ತಾ?" ಎಂದ ಒಬ್ಬ. ನಾನೇ ಅವನ ಜಾಗದಲ್ಲಿದ್ದರೂ ಅದನ್ನೇ ಕೇಳುತ್ತಿದ್ದೆ.

ಟ್ಯಾಂಕು ಒರೆಸಿ ಒಣಗಿಸಿದ ಮೇಲೆ ನರಸಮ್ಮ ಕಪಾಟಿನ ಸೀರೆಗಳನ್ನು ಒಂದೊಂದಾಗಿ ತರಿಸಿ ಟ್ಯಾಂಕಿನೊಳಗೇ ಇಳಿಬಿಡಿಸಿದರು. ಹಸಿರು, ಕೆಂಪು, ಅರಿಸಿನ, ಎಲ್ಲ ಅಲೆಯಂತೆ. ಮರುದಿನ ಬಂದವರು ಇದೇ ಹೊಸ ಪದ್ಧತಿ ಎಂದುಕೊಂಡು ಹೊಗಳಿದರಂತೆ. ಮಕ್ಕಳು ಮಾತ್ರ ಅತ್ತವಂತೆ.

ಎರಡನೇ ಟ್ಯಾಂಕಿಗೆ ಹೊಸ ಶೀಟು ತರಿಸಿದೆ. ದಿನಕ್ಕೆ ಒಂದೇ ಜಾಯಿಂಟು, ಬೆಳಿಗ್ಗೆ ಆರಕ್ಕೆ ಶುರು, ಎಂಟಕ್ಕೆ ನಿಲ್ಲಿಸುವುದು. ಅಂಚು ತೀಡಲು ಅರದ ಬದಲು ರೌಟರ್ ಮಷೀನು ಕೊಂಡದ್ದೂ ಆಗಲೇ. ಮುಗಿದ ಮೇಲೆ ಬಾಷಾ ಸಾಬರ ಕೈಗೆ ಟಾರ್ಚು ಕೊಟ್ಟೆ. ಬಗ್ಗಿ ಬಹಳ ಹೊತ್ತು ನೋಡಿದರು.

"ಜಾಯಿಂಟು ಎಲ್ಲೋ?"

"ನೀವು ನೋಡ್ತಿರೋದೇ ಜಾಯಿಂಟು ಸಾಬರೇ."

"ಸುಳ್ಳು ಬೊಗಳಬ್ಯಾಡ," ಎಂದು ಟಾರ್ಚನ್ನು ನನ್ನ ಜೇಬಿಗೇ ತುರುಕಿ ಕುರ್ಚಿಗೆ ಹೋದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಕೆಟ್ಟ ಟ್ಯಾಂಕನ್ನು ವಾಪಸು ತಂದು ಆ ಗೇಣುದ್ದದ ತುಂಡನ್ನು ಕೊಯ್ದು ಅಂಗಡಿಯ ಗೋಡೆಗೆ ನೇತುಹಾಕಿದೆ. ಬಿಳಿ ಗೆರೆಯ ಒಳಗೆ ಕುಂಕುಮದ ಕೆಂಪು ಹೊಕ್ಕು ನಿಂತಿತ್ತು. ಗಿರಾಕಿಗಳು ಏನದು ಎಂದು ಕೇಳುತ್ತಿದ್ದರು. ಕೆಟ್ಟ ಜಾಯಿಂಟು ಹೀಗಿರುತ್ತದೆ, ಮಾಡಿದವನು ನಾನೇ ಅನ್ನುತ್ತಿದ್ದೆ. ನಿಮ್ಮ ಅಂಗಡಿಯಲ್ಲೂ ಒಂದು ತೂಗುಹಾಕಿ, ವ್ಯಾಪಾರ ಕಮ್ಮಿಯಾಗುವುದಿಲ್ಲ. ಒಳ್ಳೆಯ ಜಾಯಿಂಟು ಯಾವುದೆಂದು ಗಿರಾಕಿಗೆ ತಿಳಿದರೆ ಕಡಿಮೆ ರೇಟಿನವನ ಹತ್ತಿರ ಹೋಗುವ ಮೊದಲು ಯೋಚಿಸುತ್ತಾನೆ.

ಹೊಸ ಟ್ಯಾಂಕಿಗೆ ನೀರು ತುಂಬಿದ ದಿನ ನರಸಮ್ಮ ಮತ್ತೆ ಕುಂಕುಮದ ಗೆರೆ ಎಳೆದರು. "ಎಷ್ಟು ದಿನ?" ಎಂದು ನನ್ನನ್ನೇ ಕೇಳಿದರು. ಹತ್ತು ಎಂದೆ. ಚೌಕಾಸಿ ಇರಲಿಲ್ಲ.

ಹನ್ನೊಂದನೇ ದಿನ ಹೋದೆ. ಮಾರ್ಕಂಡಪ್ಪನವರು ಇನ್ನೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಒಳಕೋಣೆಯಲ್ಲಿ ನರಸಮ್ಮ ಕುಂಕುಮದ ಗೆರೆಯನ್ನು ತೋರಿಸಿ, "ಊದು" ಎಂದರು.

ಬಗ್ಗಿ ಊದಿದೆ. ಕುಂಕುಮವೆಲ್ಲ ಪುಡಿಪುಡಿಯಾಗಿ ಎದ್ದು ನನ್ನ ಮುಖಕ್ಕೇ ಬಂತು. ಒಂದು ಕಾಳೂ ಮರಕ್ಕೆ ಅಂಟಿರಲಿಲ್ಲ. ಅವರು ಬಾಯಿ ತುಂಬ ನಕ್ಕರು. ಹೊರಗಿನಿಂದ ಇಣುಕಿದ ಮಗನೂ ತಡೆಯಲಾರದೆ ನಕ್ಕುಬಿಟ್ಟರು.

ಆಮೇಲೆ ನರಸಮ್ಮ ಬಿಳಿ ಪಂಚೆಯಲ್ಲಿ ಸುತ್ತಿದ ಗಂಟು ಬಿಚ್ಚಿದರು. ಬದನೆ ಬಣ್ಣದ ಒಡಲು, ಹಸಿರು ಅಂಚು. ಕಪಾಟಿನ ನಡುಮಧ್ಯದಲ್ಲಿ, ಹಿಂಬದಿಯ ಆ ಜಾಯಿಂಟಿನ ನೇರ ಕೆಳಗೆ ಹರಡಿ, ನನ್ನ ಕೈ ಹಿಡಿದು ಅಂಚಿನ ಗೆರೆಯ ಮೇಲೆ ಇಟ್ಟರು.

"ಉಗುರು ಎಳಿ. ಎಲ್ಲಾದರೂ ತಡೀತೈತಾ ಹೇಳು."

ಈ ತುದಿಯಿಂದ ಆ ತುದಿಯವರೆಗೆ ಎಳೆದೆ. ಎಲ್ಲೂ ತಡೆಯಲಿಲ್ಲ.